ಗಲ್ಲಾದಲ್ಲಿ ಕೂತವರ ಕೊಲೆಸ್ಟ್ರಾಲ್

ಸಂಘದ ಬಂಧುಗಳೇ, ಐವತ್ತು ತುಂಬುವ ಮೊದಲೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹದಿನಾಲ್ಕು ತಾಸು ಗಲ್ಲಾದಲ್ಲಿ ಕೂರುತ್ತೇವೆ, ನಡುನಡುವೆ ವಡೆ, ಬಜ್ಜಿ, ಊಟ ಮಧ್ಯರಾತ್ರಿಗೆ. ಕೊಲೆಸ್ಟ್ರಾಲ್ ಏರಿದ್ದು ಮೈಗೆ ಗೊತ್ತಾಗುವುದಿಲ್ಲ, ರಕ್ತಪರೀಕ್ಷೆಯಿಂದಲೇ ತಿಳಿಯಬೇಕು.

ಮಾತ್ರೆಯ ವಿಚಾರ ಡಾಕ್ಟರಿಗೆ ಬಿಡೋಣ. ಗಲ್ಲಾಕ್ಕೆ ಮಗನನ್ನೋ ಮ್ಯಾನೇಜರನ್ನೋ ಕೂರಿಸಿ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯುವುದು, ಸಿಗರೇಟು ಬಿಡುವುದು, ಕರಿದದ್ದರ ಬದಲು ಇಡ್ಲಿ-ಸಾಂಬಾರು, ಹೆಸರುಕಾಳು ಉಸಲಿ ತಿನ್ನುವುದು ನಮ್ಮ ಕೈಯಲ್ಲೇ ಇದೆ.

ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ವನಸ್ಪತಿಯಲ್ಲಿ ಅದು ಶೇ. 2 ಮೀರಬಾರದೆಂಬ ನಿಯಮ 2022ರಿಂದ ಇದೆ. ಖರೀದಿಸುವಾಗ ಡಬ್ಬ ಓದೋಣ. ಒಂದೇ ಎಣ್ಣೆಯನ್ನು ದಿನಗಟ್ಟಲೆ ಕಾಯಿಸುವುದೂ ಬೇಡ. ಗಿರಾಕಿಯ ಹೃದಯವೂ ನಮ್ಮ ಬಾಣಲೆಯಲ್ಲಿದೆ.

ಮುಂದಿನ ಮಹಾಸಭೆಯಲ್ಲಿ ಊಟಕ್ಕೆ ಮುಂಚೆ ಮಾಲೀಕರಿಗೂ ಹುಡುಗರಿಗೂ ರಕ್ತಪರೀಕ್ಷೆ ಇಡಬೇಕೆಂಬುದು ನಮ್ಮ ಅಭಿಪ್ರಾಯ.