ನಡುವಣ ಮೆಟ್ಟಿಲುಗಳು

ಬೈಲಹೊಂಗಲದಲ್ಲಿ ಕನ್ನಡ ಪಾಠ ಹೇಳುವವನಿಗೆ ರಾಜಕಾರಣದ ಗೊಡವೆಯೇಕೆಂದು ವಾಚಕರು ಕೇಳಬಹುದು. ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಗಳಲ್ಲೊಬ್ಬ, ಚುನಾವಣೆಗೆ ನಿಲ್ಲಬೇಕಾದರೆ ಎಲ್ಲಿಂದ ಆರಂಭಿಸಬೇಕೆಂದು ಕೇಳಿದ. ನನಗೆ ಥಟ್ಟನೆ ನೆನಪಾದವರು ಬಿ. ಡಿ. ಜತ್ತಿಯವರು.

ರಾಮದುರ್ಗದಂತೆ ಜಮಖಂಡಿಯೂ ಅಂದು ಒಂದು ಸಂಸ್ಥಾನ. ಅಲ್ಲಿ ವಕೀಲಿ ಮಾಡುತ್ತಿದ್ದ ಜತ್ತಿಯವರು 1940ರಲ್ಲಿ ಪುರಸಭೆಯ ಸದಸ್ಯರಾದರು, ಅಧ್ಯಕ್ಷರಾದುದು 1945ರಲ್ಲಿ. ನಡುವಣ ಆ ಐದು ವರ್ಷಗಳೇ ನನಗೆ ಮುಖ್ಯವೆನಿಸುತ್ತವೆ. ಪುರಸಭೆಯೆಂದರೆ ಚರಂಡಿ, ನೀರು, ಬೀದಿದೀಪ. ದೂರು ಹೊತ್ತು ಬರುವವನು ನೆರೆಮನೆಯವನು; ಅವನನ್ನು ಭಾಷಣ ಕೊಟ್ಟು ಕಳುಹಿಸಲಾಗದು. ಮುಂದಿನದು ಬಲ್ಲವರಿಗೆಲ್ಲ ತಿಳಿದದ್ದೇ: 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ.

ಹುಡುಗ ಬಿಡಲಿಲ್ಲ. “ಹಾಗಾದರೆ ಜಿಲ್ಲಾ ಪಂಚಾಯತಿ ಚುನಾವಣೆ ಎಲ್ಲಿ ಹೋಯಿತು, ಸರ್?” ಎಂದ.

ಅಬ್ದುಲ್ ನಜೀರ್ ಸಾಹೇಬರು ಮಂತ್ರಿಗಳಾಗಿದ್ದಾಗ, 1987ರಲ್ಲಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ ದೇಶದ ಕಣ್ಸೆಳೆದ ನಾಡು ನಮ್ಮದು. ಅದೇ ನಾಡಿನಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎನ್ನುತ್ತ ವರ್ಷಗಳೇ ಉರುಳಿದವು. ಆಡಳಿತಾಧಿಕಾರಿಗಳು ದಕ್ಷರೇ ಇರಬಹುದು. ಮತ ಕೇಳಲು ಅವರು ಯಾರ ಬಾಗಿಲಿಗೂ ಬರಬೇಕಿಲ್ಲ. ಪಕ್ಷ ಯಾವುದಾದರೇನು, ಈ ವಿಳಂಬದಿಂದ ಶಾಸಕರಿಗೆ ನಷ್ಟವಿಲ್ಲ. ನಾಳಿನ ಪ್ರತಿಸ್ಪರ್ಧಿ ಬೆಳೆಯುವುದೇ ಅಲ್ಲಿ ತಾನೆ? ಗ್ರಾಮ ಪಂಚಾಯತಿಗೂ ವಿಧಾನಸಭೆಗೂ ನಡುವಣ ಮೆಟ್ಟಿಲುಗಳನ್ನು ಕಿತ್ತಿಟ್ಟರೆ, ಹಾರಿ ಏರಲು ಹಣ ಬೇಕು, ಇಲ್ಲವೆ ಮನೆತನ ಬೇಕು.

ನನ್ನ ವಿದ್ಯಾರ್ಥಿಗೆ ಎರಡೂ ಇಲ್ಲ. ಸದ್ಯಕ್ಕೆ ತನ್ನೂರಿನ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಂಡು ಬಂದಿದ್ದಾನೆ.