ಸ್ಟೆತಸ್ಕೋಪ್ ಒಂದೇ ಸಾಲದು

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಕಡೆಯ ಬಹಳಷ್ಟು ಪಾಲಕರದು ಒಂದೇ ಆಸೆ: ಮಗಳು ಡಾಕ್ಟರಾಗಲಿ, ಮಗ ನರ್ಸಿಂಗ್ ಓದಲಿ. 2015ರಲ್ಲಿ ಕೊಪ್ಪಳಕ್ಕೇ ವೈದ್ಯಕೀಯ ಕಾಲೇಜು ಬಂದ ಮೇಲೆ ಈ ಆಸೆ ಇನ್ನಷ್ಟು ಬಲಿತಿದೆ. ಆದರೆ ಪದವಿಯ ನಂತರದ ಇನ್ನೊಂದು ಓದಿನ ಮಾತು ಕೇಳಿಬರುವುದು ಅಪರೂಪ. ಅದು ಆಸ್ಪತ್ರೆಯನ್ನು ನಡೆಸುವ ಓದು.

ಗಂಗಾವತಿಯ ಗದ್ದೆಗೆ ರಾತ್ರಿ ನೀರು ಬಿಡಲು ಹೋದ ರೈತನಿಗೆ ಹಾವು ಕಚ್ಚಿತು ಎನ್ನೋಣ. ಚಿಕಿತ್ಸೆ ಬಲ್ಲ ವೈದ್ಯರಿದ್ದರೆ ಸಾಕೇ? ವಿಷನಿರೋಧಕ ಔಷಧಿ ದಾಸ್ತಾನಿನಲ್ಲಿರಬೇಕು. ಅದರ ಅವಧಿ ಮುಗಿದಿರಬಾರದು. ದ್ರವರೂಪದ್ದಾದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟಿರಬೇಕು. ಕರೆಂಟು ಹೋದಾಗ ಫ್ರಿಜ್ ನೋಡುವವರು ಯಾರು, ಕೋಣೆಯ ಬೀಗದ ಕೈ ಯಾರ ಬಳಿ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಇದು ನಾಯಕತ್ವದ ಕೆಲಸ. ಒಂದು ಕೊಂಡಿ ತಪ್ಪಿದರೂ ಜೀವ ಹೋದೀತು.

ತಾಲ್ಲೂಕು ಆಸ್ಪತ್ರೆಯ ಆಡಳಿತ ಹೊರುವವರೂ ವೈದ್ಯರೇ. ರಜೆ, ಲೆಕ್ಕಪತ್ರ, ಔಷಧಿ ಬೇಡಿಕೆ, ಸಿಬ್ಬಂದಿಯ ಮನಸ್ತಾಪ ಎಲ್ಲವೂ ಅವರ ಮೇಜಿಗೇ ಬರುತ್ತವೆ. ಇದನ್ನು ನೌಕರಿಯಲ್ಲಿದ್ದುಕೊಂಡೇ ಕಲಿಯಲು ದಾರಿಗಳಿವೆ. 1977ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ ಇಂಥ ತರಬೇತಿ ನೀಡುತ್ತ ಬಂದಿದೆ. 1985ರಲ್ಲಿ ಸ್ಥಾಪನೆಯಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾವನ್ನು ದೂರಶಿಕ್ಷಣಕ್ಕೆಂದೇ ರೂಪಿಸಿದೆ. ಪ್ರಾಯೋಗಿಕ ತರಗತಿ, ಪರೀಕ್ಷೆಗಳಿಗೆ ಊರು ಬಿಡಬೇಕಾದರೂ ಉಳಿದ ಓದು ಕುಷ್ಟಗಿ, ಯಲಬುರ್ಗಾದ ಮನೆಯಲ್ಲೇ ಸಾಧ್ಯ.

ವಿದ್ಯಾರ್ಥಿಗಳೇ, ಪ್ರಯೋಗಾಲಯದಲ್ಲಿ ಬಾಟಲಿಗೆ ಚೀಟಿ ಅಂಟಿಸಿ, ಉಪಕರಣ ತೊಳೆದು ಅದರ ಜಾಗದಲ್ಲೇ ಇಡುವ ಅಭ್ಯಾಸ ಇದರ ಮೊದಲ ಪಾಠ. ಪಾಲಕರೇ, ಅಂಕಪಟ್ಟಿಯ ಜೊತೆಗೆ, ಮಗು ಹತ್ತು ಜನರೊಡನೆ ಹೇಗೆ ಕೆಲಸ ಹಂಚಿಕೊಳ್ಳುತ್ತದೆ ಎಂಬುದನ್ನೂ ಗಮನಿಸಿ.