ಆಯ್ಕೆಯ ಅಳತೆಗೋಲು ಯಾವುದು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಾವು ನಾಲ್ವರು ಬಿಇ ಗೆಳೆಯರು. ಹೊಯ್ಸಳ ದೇಗುಲಗಳ ನಕ್ಷತ್ರಾಕಾರದ ಜಗತಿ ನೋಡಿ ಪೆನ್ ಸ್ಟ್ಯಾಂಡ್ ವಿನ್ಯಾಸ ಮಾಡಿ, ತ್ರೀಡಿ ಪ್ರಿಂಟ್ ತೆಗೆದು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಮಾರಾಟಕ್ಕಿಟ್ಟೆವು. ಅಲ್ಲಿನ 'ವಿಶೇಷ ಆಯ್ಕೆ' ಪಟ್ಟಿಯಲ್ಲಿ ನಮ್ಮದು ಬರಲೇ ಇಲ್ಲ. ಏಕೆಂದು ಕೇಳಿದರೆ, 'ನಮ್ಮ ತಂಡ ನಿರ್ಧರಿಸುತ್ತದೆ' ಎಂಬ ಒಂದೇ ಸಾಲಿನ ಉತ್ತರ.

ನಮ್ಮದೇ ಶ್ರೇಷ್ಠ ಎನ್ನುವ ಜಂಬವಿಲ್ಲ. ನಾವು ಹಾಕಿದ ಫೋಟೊ ಮಸುಕಾಗಿದ್ದದ್ದೂ ನಿಜ. ಆದರೆ ಫೇಲ್ ಎಂದಷ್ಟೇ ಹೇಳಿ ಉತ್ತರ ಪತ್ರಿಕೆ ತೋರಿಸದಿದ್ದರೆ ತಿದ್ದಿಕೊಳ್ಳುವುದು ಹೇಗೆ?

ಇಂಥ ಮಾರುಕಟ್ಟೆಗಳು ಸರಕುಗಳಿಗೆ ಶ್ರೇಯಾಂಕ ನೀಡುವ ಮುಖ್ಯ ಮಾನದಂಡಗಳನ್ನು ಸರಳ ಭಾಷೆಯಲ್ಲಿ ಬಹಿರಂಗವಾಗಿ ವಿವರಿಸಬೇಕು ಎನ್ನುತ್ತವೆ, 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು. 'ವಿಶೇಷ ಆಯ್ಕೆ'ಗೂ ಅದೇ ನ್ಯಾಯ ಬೇಕು. ನೋಡುವುದು ಫೋಟೊವನ್ನೋ, ಬೆಲೆಯನ್ನೋ, ಜಾಹೀರಾತಿನ ಹಣವನ್ನೋ? ಹೇಳಿಬಿಡಲಿ. ಸೋತದ್ದೇಕೆಂದು ತಿಳಿದರೆ ಮತ್ತೊಮ್ಮೆ ಪ್ರಯತ್ನಿಸಲು ನಾವು ಸಿದ್ಧ.